ಖಾಲಿ ಪ್ರೋನೋಟಿನ ಮೇಲಿನ ಹೆಬ್ಬೆಟ್ಟು

ಸೈಬರ್‌ಜಯಾದಿಂದ ಊರಿಗೆ ಕಳುಹಿಸಿದ ಹಣ ಯಾರಿಗೆ ಕೈಸಾಲವಾಗುತ್ತದೆಂದು ನಾವು ಕೇಳುವುದಿಲ್ಲ. ಊರಿನಲ್ಲಿ ಹಲವರು ಸಾಲ ಕೊಡುವ ಮೊದಲು ಸ್ಟಾಂಪು ಅಂಟಿಸಿದ ಖಾಲಿ ಪ್ರೋನೋಟಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಮೊತ್ತವನ್ನು ಆಮೇಲೆ ಬರೆದುಕೊಳ್ಳುತ್ತಾರೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 20ನೇ ಕಲಮು, ಸ್ಟಾಂಪಿಗೆ ಸಲ್ಲುವ ಮೊತ್ತದವರೆಗೆ ಹಾಗೆ ತುಂಬಿಕೊಳ್ಳಲು ಅಧಿಕಾರ ಕೊಡುತ್ತದೆ. 118ನೇ ಕಲಮು ಹಣ ಸಂದಿದೆಯೆಂದೇ ಭಾವಿಸುತ್ತದೆ. ಸಂದಿಲ್ಲವೆಂದು ತೋರಿಸುವ ಹೊಣೆ ಸಾಲಗಾರನದು. ದಾವೆ ಹೂಡಿದವನ ಕೈಯಲ್ಲಿ ಕಾಗದವಿರುತ್ತದೆ, ಕೂಲಿಯವನ ಬಳಿ ನೆನಪಷ್ಟೇ.

ದೇವರಾಜ ಅರಸರ ಸರ್ಕಾರದ 1976ರ ಋಣ ಪರಿಹಾರ ಕಾಯ್ದೆ ಬಡವರ ಸಾಲಗಳನ್ನು ರದ್ದುಗೊಳಿಸಿತು. ನೋಂದಣಿಯಿಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ ಎಂದು 2025ರ ಕಿರುಸಾಲ ಸುಗ್ರೀವಾಜ್ಞೆ ಸಾರಿತು. ಆದರೂ ಖಾಲಿ ಕಾಗದದ ಬಲ ಹಾಗೆಯೇ ಉಳಿದಿದೆ. ಆ ಕಲಮುಗಳ ತಿದ್ದುಪಡಿಯನ್ನು ಒತ್ತಾಯಿಸೋಣ. ಅದಕ್ಕೂ ಮೊದಲು, ನಮ್ಮ ಮನೆಯ ಪೆಟ್ಟಿಗೆಯಲ್ಲಿ ಯಾರ ಹೆಬ್ಬೆಟ್ಟಿದೆಯೆಂದು ಕೇಳೋಣ.