ಓದದಿದ್ದರೆ ಗಾರೆ ಕೆಲಸವೇ?



"ಸರಿಯಾಗಿ ಓದು, ಇಲ್ಲದಿದ್ದರೆ ಗಾರೆ ಕೆಲಸಕ್ಕೆ ಹೋಗಬೇಕಾಗುತ್ತೆ ನೋಡು!" ಈ ಬೆದರಿಕೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಸಮುದ್ರ ದಾಟಿ ಐರ್ಲೆಂಡಿಗೆ ಬಂದರೂ ಈ ಮಾತು ಮಾತ್ರ ಉಪ್ಪಿನಕಾಯಿ ಡಬ್ಬಿಯ ಜೊತೆ ಸೂಟ್‌ಕೇಸಿನಲ್ಲಿ ಭದ್ರವಾಗಿ ಬಂದಿದೆ. ಲೀವಿಂಗ್ ಸರ್ಟ್ ಹತ್ತಿರವಾದರೆ ಸಾಕು, ಮನೆಮನೆಯಲ್ಲೂ ಪಾಯಿಂಟ್ಸ್ ಲೆಕ್ಕಾಚಾರ ಶುರು. ಮೆಡಿಸಿನ್, ಇಲ್ಲವೇ ಕಂಪ್ಯೂಟರ್ ಸೈನ್ಸ್... ಮೂರನೆಯ ಹೆಸರು ಹೇಳುವ ಧೈರ್ಯ ಮಕ್ಕಳಿಗೂ ಇಲ್ಲ, ಕೇಳುವ ತಾಳ್ಮೆ ನಮಗೂ ಇಲ್ಲ.

ಈ ಸಲ ಆ ಗಾರೆ ಕೆಲಸದ ಪರವಾಗಿ ನಾಲ್ಕು ಮಾತು ಬರೆಯಬೇಕೆನಿಸಿದೆ. ಅದರಲ್ಲೂ ನಮ್ಮಲ್ಲಿ ಬಹುತೇಕರು ಹೆಸರೇ ಕೇಳದ ಒಂದು ಗಾರೆ ಕೆಲಸ: ಕಾರ್ಖಾನೆಯ ಕುಲುಮೆಗಳ ಒಳಗೋಡೆ ರಿಪೇರಿ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. (ನಮ್ಮ ಸಂಘದಲ್ಲಿ ಇದು ಹೊಸ ಕಥೆಯಲ್ಲ ಬಿಡಿ!) ಕಾಲೇಜಿನಲ್ಲಿ 'ರಿಫ್ರ್ಯಾಕ್ಟರಿ' ಎನ್ನುವ ಪದ ಎರಡು ಅಂಕದ ಪ್ರಶ್ನೆಯಾಗಿ ಬಂದು ಹೋಯಿತು. ಬೆಂಕಿಗೆ ಕರಗದ ಇಟ್ಟಿಗೆ ಅಂದರೆ ಎರಡು ಅಂಕ. ಆ ಇಟ್ಟಿಗೆಯನ್ನು ಕುಲುಮೆಯೊಳಗೆ ಹೋಗಿ ಕೂರಿಸುವ ಮನುಷ್ಯನ ಬಗ್ಗೆ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಊರಿನ ಬಚ್ಚಲುಮನೆಯ ಹಂಡೆ ಒಲೆ ನೆನಪಿದೆಯೇ? ಒಲೆ ಬಿರುಕು ಬಿಟ್ಟರೆ ಅಜ್ಜಿ ಮಣ್ಣಿಗೆ ಸಗಣಿ ಕಲಸಿ ಮೆತ್ತುತ್ತಿದ್ದರು. ಸಿಮೆಂಟ್, ಉಕ್ಕು, ಗಾಜು ತಯಾರಿಸುವ ಕಡೆಯೂ ತತ್ವ ಅದೇ, ಅಳತೆ ಮಾತ್ರ ಬೇರೆ. ಸಿಮೆಂಟ್ ಗೂಡು ಎಂದರೆ ಮಲಗಿಸಿಟ್ಟು ನಿಧಾನವಾಗಿ ತಿರುಗಿಸುವ ಭಾರೀ ಉಕ್ಕಿನ ಕೊಳವೆ. ಒಳಗೆ ಸುಣ್ಣದ ಕಲ್ಲಿನ ಪುಡಿ ಸುಮಾರು 1450 ಡಿಗ್ರಿಯಲ್ಲಿ ಬೇಯುತ್ತದೆ, ಜ್ವಾಲೆಯ ಬಿಸಿ ಇನ್ನೂ ಹೆಚ್ಚು, 2000 ಡಿಗ್ರಿಯ ಆಸುಪಾಸು. ಆ ಬಿಸಿ ನೇರವಾಗಿ ತಗುಲಿದರೆ ಉಕ್ಕಿನ ಕೊಳವೆ ಮೆತ್ತಗಾಗಿ ಕುಸಿದೇಹೋಗುತ್ತದೆ. ಬೆಂಕಿಗೂ ಉಕ್ಕಿಗೂ ನಡುವೆ ಇರುವುದು ಸುಮಾರು 20 ಸೆಂಟಿಮೀಟರ್ ದಪ್ಪದ ಇಟ್ಟಿಗೆ, ಅಷ್ಟೇ. ಆ ಇಟ್ಟಿಗೆ ಸವೆಯಲೆಂದೇ ಇರುವುದು. ಅತಿ ಬಿಸಿಯ ಭಾಗದಲ್ಲಿ ಹಲವು ಕಡೆ ವರ್ಷ ಒಂದರಲ್ಲೇ ಬದಲಿಸಬೇಕಾಗುತ್ತದೆ. ಎಲ್ಲಾದರೂ ಇಟ್ಟಿಗೆ ಕಳಚಿ ಬಿದ್ದರೆ ಹೊರಗಿನ ಉಕ್ಕು ಆ ಜಾಗದಲ್ಲಿ ಕೆಂಪಗೆ ಹೊಳೆಯುತ್ತದೆ. ಆಗ ಗೂಡು ನಿಲ್ಲಿಸಲೇಬೇಕು.

ನಿಲ್ಲಿಸುವುದೂ ಸುಲಭವಲ್ಲ. ಬಿಸಿ ಕೊಳವೆಯನ್ನು ತಿರುಗಿಸದೆ ಬಿಟ್ಟರೆ ತನ್ನ ಭಾರಕ್ಕೇ ಬಾಗುತ್ತದೆ, ಹಾಗಾಗಿ ಆಗಾಗ ತಿರುಗಿಸುತ್ತಲೇ ಆರಿಸಬೇಕು. ಆಮೇಲೆ ಒಳಗೆ ಹೋದವರು ಹಳೆ ಇಟ್ಟಿಗೆ ಒಡೆದು, ಬಳೆಯಂತೆ ಸುತ್ತು ಸುತ್ತಾಗಿ ಹೊಸದನ್ನು ಕೂರಿಸುತ್ತಾರೆ. ಒಂದು ಸುತ್ತು ಸ್ವಲ್ಪ ಓರೆಯಾದರೂ ಮುಂದಿನ ಸುತ್ತುಗಳೆಲ್ಲ ಓರೆ. ಸುತ್ತು ಮುಗಿಸುವ ಕೊನೆಯ ಇಟ್ಟಿಗೆಯನ್ನು ಬಿಗಿಯಾಗಿ ಬಡಿದು, ಬೇಕಾದಲ್ಲಿ ತೆಳುವಾದ ಉಕ್ಕಿನ ತಗಡು ಹೊಡೆದು ಭದ್ರ ಮಾಡಬೇಕು. ಸಡಿಲ ಬಿಟ್ಟರೆ ಗೂಡು ತಿರುಗುವಾಗ ಇಟ್ಟಿಗೆ ಜಾರುತ್ತದೆ. ಕೆಲವು ಭಾಗಗಳಿಗೆ ಇಟ್ಟಿಗೆಯ ಬದಲು ಕಾಂಕ್ರೀಟಿನಂಥ ಮಿಶ್ರಣ ಎರೆಯುತ್ತಾರೆ. ಅದನ್ನು ಗಂಟೆಗಿಷ್ಟೇ ಡಿಗ್ರಿ ಎಂದು ಲೆಕ್ಕ ಇಟ್ಟು ಕಾಯಿಸಬೇಕು. ಅವಸರ ಮಾಡಿದರೆ ಒಳಗಿನ ನೀರು ಹಬೆಯಾಗಿ ಗೋಡೆಯೇ ಸಿಡಿಯಬಹುದು. ನಮ್ಮ ಕೆಲಸದಲ್ಲಿ ರಿಲೀಸ್ ಕೆಟ್ಟರೆ ರೋಲ್‌ಬ್ಯಾಕ್ ಇದೆ. ಇಲ್ಲಿ ರೋಲ್‌ಬ್ಯಾಕ್ ಅಂದರೆ ಮತ್ತೆ ಆರಿಸು, ಮತ್ತೆ ಒಡೆ, ಮತ್ತೆ ಕಟ್ಟು.

ಇದು ನಮ್ಮಿಂದ ದೂರದ ಸಂಗತಿಯೇನೂ ಅಲ್ಲ. ಐರಿಶ್ ಸಿಮೆಂಟ್ ಕಂಪನಿಯ ಡ್ರೊಹೆಡಾ ಮತ್ತು ಲಿಮರಿಕ್ ಕಾರ್ಖಾನೆಗಳು 1938ರಲ್ಲಿ ಶುರುವಾದವು, ಡ್ರೊಹೆಡಾ ಪಕ್ಕದ ಪ್ಲಾಟಿನ್ ಘಟಕ ಬಂದದ್ದು 1972ರಲ್ಲಿ. ನೆಂಟರಿಗೆ ನ್ಯೂಗ್ರೇಂಜ್ ತೋರಿಸಲು ಹೋದವರು ಆ ಪ್ರದೇಶದಲ್ಲೇ ಓಡಾಡಿದ್ದೀರಿ. ಅದೇ ಡ್ರೊಹೆಡಾದಲ್ಲಿ ಪ್ರೀಮಿಯರ್ ಪೆರಿಕ್ಲೇಸ್ ಎಂಬ ಕಾರ್ಖಾನೆ ದಶಕಗಳ ಕಾಲ ಸಮುದ್ರದ ನೀರು ಮತ್ತು ಸುಣ್ಣದಿಂದ ಮೆಗ್ನೀಷಿಯಾ ತಯಾರಿಸುತ್ತಿತ್ತು. ಉಕ್ಕಿನ ಕುಲುಮೆಗಳ ಒಳಗೋಡೆಗೆ ಬೇಕಾದ ಕಚ್ಚಾವಸ್ತು ಅದು. ಇನ್ನು ನಮ್ಮೂರ ಕಡೆ ಬಂದರೆ ಭದ್ರಾವತಿ. ಆ ಊರಿನ ಹಳೆಯ ಹೆಸರೇ ಬೆಂಕಿಪುರ! 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಅದರ ಮಾತು ಬಂದಾಗ ಸರ್ ಎಂ.ವಿ. ಅವರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಅಲ್ಲಿನ ಕುಲುಮೆಯೊಳಗೆ ಇಟ್ಟಿಗೆ ಜೋಡಿಸಿದವರ ಒಂದು ಹೆಸರೂ ನಮಗೆ ಗೊತ್ತಿಲ್ಲ.

"ಅಷ್ಟು ಒಳ್ಳೆಯ ಕೆಲಸವಾದರೆ ನಿಮ್ಮ ಮಗನನ್ನೇ ಕಳಿಸಿ" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಕೆಲಸದಲ್ಲಿ ಅಪಾಯ ಇರುವುದು ನಿಜ. ಹಳೆ ಇಟ್ಟಿಗೆ ಒಡೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನೇ ಹಾಳುಮಾಡಬಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಐರೋಪ್ಯ ಒಕ್ಕೂಟದ 2017ರ ನಿರ್ದೇಶನ ಕೆಲಸದ ಜಾಗದ ಗಾಳಿಯಲ್ಲಿ ಅದು ಘನ ಮೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಗೂಡಿನಂಥ ಇಕ್ಕಟ್ಟಿನ ಜಾಗಕ್ಕೆ ಇಳಿಯುವವರಿಗಾಗಿ ಐರ್ಲೆಂಡಿನಲ್ಲಿ 2001ರಿಂದಲೇ ಪ್ರತ್ಯೇಕ ನಿಯಮಗಳಿವೆ. ಅಂದರೆ ಅಪಾಯ ಕೆಲಸದೊಳಗೆ ಇದ್ದರೂ, ಅದನ್ನು ತಗ್ಗಿಸುವ ದಾರಿ ತಿಳಿದೇ ಇದೆ: ಮುಖಕವಚ, ಗಾಳಿ, ಹೊರಗೆ ಕಾವಲು, ದೂರದಿಂದ ನಡೆಸುವ ಒಡೆಯುವ ಯಂತ್ರ. ಇವೆಲ್ಲ ಸಿಗುವುದು ಆ ಕೆಲಸಗಾರನಿಗೆ ಬೆಲೆ ಕೊಡುವ ಸಮಾಜದಲ್ಲಿ. "ಗಾರೆಯವನು ತಾನೇ" ಎನ್ನುವ ಕಡೆ ಮೊದಲು ಕಡಿತವಾಗುವುದೇ ಮುಖಕವಚದ ಖರ್ಚು. ವಾಡಿ, ಶಹಾಬಾದ್ ಕಡೆಯ ಬಿಸಿಲಿನಲ್ಲಿ ಗೂಡಿಗೆ ಇಳಿಯುವವನ ಪ್ರಾಣಕ್ಕೂ ನಮ್ಮ ನಾಲಿಗೆಗೂ ಇಷ್ಟರ ಮಟ್ಟಿಗೆ ಸಂಬಂಧ ಇದೆ ಎಂದು ನನ್ನ ಅಭಿಪ್ರಾಯ.

ಮಗ ಆಗಲಿ ಮಗಳಾಗಲಿ, ಕೈಕೆಲಸ ಕಲಿಯುತ್ತೇನೆ ಎಂದರೆ ಇಲ್ಲಿ ದಾರಿಯಿದೆ. ಇಟ್ಟಿಗೆ-ಕಲ್ಲು ಕಟ್ಟುವ ಕೆಲಸ ಈ ದೇಶದಲ್ಲಿ ನಾಲ್ಕು ವರ್ಷದ ಅಪ್ರೆಂಟಿಸ್‌ಶಿಪ್. ಕಲಿಯುತ್ತಲೇ ಸಂಬಳ, ಮುಗಿದಾಗ ಸರ್ಕಾರ ಮಾನ್ಯ ಮಾಡಿದ ಸರ್ಟಿಫಿಕೇಟ್. ನಾಲ್ಕು ವರ್ಷ ಎಂದರೆ ನಮ್ಮ ಬಿ.ಇ.ಗೆ ಹಿಡಿದಷ್ಟೇ ಸಮಯ! ಎಲ್ಲರೂ ಹೋಗಲಿ ಎನ್ನುತ್ತಿಲ್ಲ. ಹೋಗುತ್ತೇನೆ ಎಂದ ಮಗುವನ್ನು ಸೋತವರ ಲೆಕ್ಕಕ್ಕೆ ಸೇರಿಸಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಬಸವ ಜಯಂತಿಯ ಭಾಷಣಗಳಲ್ಲಿ ಕಾಯಕದ ಬಗ್ಗೆ ಚಪ್ಪಾಳೆ ಬೀಳುತ್ತದೆ. ಆವಿಗೆಯ ಮುಂದೆ ಕೂತ ಕುಂಬಾರ ಗುಂಡಯ್ಯನನ್ನು ಶರಣನೆಂದು ಕೈಮುಗಿಯುವವರು ನಾವು. ಆಯುಧಪೂಜೆಗೆ ಲ್ಯಾಪ್‌ಟಾಪಿಗೂ ಕುಂಕುಮ ಇಡುವವರು ನಾವು. ಹಾಗಿರುವಾಗ ಕರಣೆ ಹಿಡಿದವರನ್ನು ಮಕ್ಕಳ ಮುಂದೆ ಬೆದರುಬೊಂಬೆ ಮಾಡುವುದು ಯಾವ ನ್ಯಾಯ?

ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳಿಗಾಗಿ ನಡೆಸುವ ವೃತ್ತಿ ಮಾರ್ಗದರ್ಶನಕ್ಕೆ ಡಾಕ್ಟರ್ ಮತ್ತು ಐ.ಟಿ. ಮ್ಯಾನೇಜರ್ ಪಕ್ಕದಲ್ಲಿ ಮೂರನೆಯ ಕುರ್ಚಿ ಹಾಕಿಸಿ. ಅದರಲ್ಲಿ ಕುಲುಮೆಯೊಳಗೆ ಇಳಿದು ಬಂದವರೊಬ್ಬರನ್ನು ಕೂರಿಸಿ, ಕನ್ನಡಿಗರೇ ಆಗಬೇಕೆಂದಿಲ್ಲ. ಪ್ರಶ್ನೆ ಕೇಳುವ ಸರದಿ ಮಕ್ಕಳದಾಗಿರಲಿ, ಅಪ್ಪ-ಅಮ್ಮಂದಿರು ಹಿಂದಿನ ಸಾಲಿನಲ್ಲಿ ಕೂತು ಸುಮ್ಮನೆ ಕೇಳಿಸಿಕೊಳ್ಳೋಣ.

ಇದಕ್ಕೆ ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ದಯವಿಟ್ಟು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಓದಲು ಕಾದಿರುತ್ತೇನೆ. ಜಗಳವಾದರೂ ಕನ್ನಡದಲ್ಲೇ ಆಗಲಿ!