ರೋಗ ಮೀನಿನದೋ, ನೀರಿನದೋ?

ಗಾಜಿನ ಬೋಗುಣಿಯಲ್ಲಿ ಸಾಕಿದ ಚಿನ್ನದ ಮೀನು ಒಂದು ಮುಂಜಾನೆ ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ, ಮನೆಯ ಹಿರಿಯರು ಮಕ್ಕಳನ್ನು ಸಂತೈಸುವುದು ಒಂದೇ ಮಾತಿನಿಂದ: “ಅದರ ಆಯುಸ್ಸು ಅಷ್ಟೇ ಇತ್ತು.” ದುಃಖಕ್ಕೆ ಈ ಮಾತು ಒಳ್ಳೆಯ ಮದ್ದು, ಆದರೆ ಸತ್ಯಕ್ಕೆ ದೂರವಾದುದು. ಯೋಗ್ಯ ರೀತಿಯಲ್ಲಿ ಸಾಕಿದರೆ ಚಿನ್ನದ ಮೀನು ಹತ್ತು ಹದಿನೈದು ವರ್ಷ ಬಾಳಬಲ್ಲ ಪ್ರಾಣಿ. ಇಂಗ್ಲೆಂಡಿನಲ್ಲಿ ‘ಟಿಶ್’ ಎಂಬ ಹೆಸರಿನ ಒಂದು ಮೀನು 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಹೀಗಿರುವಲ್ಲಿ ನಮ್ಮ ಮನೆಗಳಿಗೆ ಬಂದ ಮೀನುಗಳು ತಿಂಗಳೊಪ್ಪತ್ತಿನಲ್ಲಿ ಸಾಯುವುದೇಕೆ? ರೋಗಗಳು ಇಲ್ಲವೆಂದಲ್ಲ. ಆದರೆ ಬಹುಪಾಲು ಸಾವುಗಳಿಗೆ ಕಾರಣ ನೀರನ್ನು ಕುರಿತ ನಮ್ಮ ಅಜ್ಞಾನ ಮತ್ತು ಔಷಧವನ್ನು ಕುರಿತ ನಮ್ಮ ಆತುರ ಎಂಬುದು ನನ್ನ ಅಭಿಪ್ರಾಯ.

ಈಚೆಗೆ ನೆರೆಮನೆಯ ಹುಡುಗನೊಬ್ಬ ಅಳುಮುಖದಿಂದ ನನ್ನಲ್ಲಿಗೆ ಬಂದ. ಅವನ ಮೂರು ಮೀನುಗಳಲ್ಲಿ ಒಂದರ ಕಿವಿರುಮುಚ್ಚಳದ ಮೇಲೆ ಬಿಳಿಯ ಚುಕ್ಕೆಗಳು ಕಂಡಿದ್ದುವಂತೆ. ಅಂಗಡಿಯವರು ರೋಗವೆಂದು ಹೇಳಿ ಹಳದಿಯ ಪುಡಿಯೊಂದನ್ನು ಕೊಟ್ಟು, ಮೂರು ದಿನ ನೀರು ಬದಲಾಯಿಸಬೇಡವೆಂದಿದ್ದರಂತೆ. ಆ ಪುಡಿ ಟೆಟ್ರಾಸೈಕ್ಲಿನ್ ಎಂಬ ಪ್ರತಿಜೈವಿಕ. ಮೂರನೆಯ ದಿನ ಆ ಮೀನು ಸತ್ತಿತ್ತು. ಉಳಿದೆರಡು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುತ್ತಿದ್ದುವು. “ಮೇಷ್ಟ್ರೇ, ಔಷಧ ಹಾಕಿದರೂ ಏಕೆ ಸತ್ತಿತು?” ಎಂದು ಕೇಳಿದ.

ಸತ್ತ ಮೀನನ್ನು ಮಸೂರದಡಿ ಪರೀಕ್ಷಿಸಿದೆ. ಚುಕ್ಕೆಗಳಿದ್ದುದು ಕಿವಿರುಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಗಳ ಮುಂದಿನ ಅಂಚಿನಲ್ಲಿ ಮಾತ್ರ. ಅವೂ ಸಾಲಾಗಿ, ಒಪ್ಪವಾಗಿ. ಅದು ರೋಗವೇ ಅಲ್ಲ. ಪ್ರಾಯಕ್ಕೆ ಬಂದ ಗಂಡುಮೀನಿಗೆ ಸಂತಾನಕಾಲದಲ್ಲಿ ಮೂಡುವ ಸಹಜವಾದ ಗಂಟುಗಳು! ಬಳಿಕ ಬೋಗುಣಿಯ ನೀರನ್ನು ಅಮೋನಿಯಕ್ಕಾಗಿ ಪರೀಕ್ಷಿಸಿದೆ. ಹಳದಿಯಾಗಿಯೇ ಉಳಿಯಬೇಕಾಗಿದ್ದ ದ್ರಾವಣ ಕಡುಹಸಿರಾಯಿತು. ಅರ್ಧ ನೀರನ್ನು ತೆಗೆದು ಕ್ಲೋರಿನ್ ಇಲ್ಲದ ನೀರನ್ನು ತುಂಬಿದೆವು. ಮರುದಿನವೂ ಹಾಗೆಯೇ ಮಾಡಿದೆವು. ಉಳಿದೆರಡು ಮೀನುಗಳು ಬದುಕಿದುವು.

ಇದರ ಹಿಂದಿರುವ ರಸಾಯನಶಾಸ್ತ್ರ ಸರಳವಾದುದು. ಮೀನು ತಿಂದ ಸಸಾರಜನಕದ ಹೆಚ್ಚಿನ ಪಾಲು ಅಮೋನಿಯವಾಗಿ ಕಿವಿರುಗಳ ಮೂಲಕ ಹೊರಬೀಳುತ್ತದೆ. ಕೆರೆಯಲ್ಲಿ ಅದು ಅಪಾರ ಜಲರಾಶಿಯಲ್ಲಿ ಕರಗಿಹೋಗುತ್ತದೆ; ಬೋಗುಣಿಯಲ್ಲಿ ಹೋಗುವುದೆಲ್ಲಿಗೆ? ಹಳೆಯದಾದ ತೊಟ್ಟಿಯ ಶೋಧಕದಲ್ಲಿಯೂ ಮರಳಿನಲ್ಲಿಯೂ ನೆಲೆಸಿರುವ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ಅಷ್ಟಾಗಿ ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ನಾವಾದರೋ ಒಂದೇ ದಿನ ತೊಟ್ಟಿ, ನೀರು, ಮೀನು ಮೂರನ್ನೂ ಕೊಂಡುತರುತ್ತೇವೆ. ಅಮೋನಿಯ ಕಿವಿರನ್ನು ಸುಡುತ್ತದೆ. ನೀರು ಹೆಚ್ಚು ಕ್ಷಾರೀಯವೂ ಬೆಚ್ಚಗೂ ಆದಷ್ಟು ಅದರ ವಿಷ ಏರುತ್ತದೆ. ನೈಟ್ರೈಟ್ ರಕ್ತದ ಹೀಮೊಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಏದುವುದು, ರೆಕ್ಕೆಗಳನ್ನು ಮೈಗೆ ಅಪ್ಪಿಸಿಕೊಂಡು ತಳದಲ್ಲಿ ಕೂರುವುದು, ಆಹಾರ ಬಿಡುವುದು ಇವೆಲ್ಲವೂ ‘ರೋಗ’ದಂತೆ ತೋರುವ ವಿಷಪ್ರಾಶನದ ಚಿಹ್ನೆಗಳು. ಇಂಥ ನೀರಿಗೆ ಪ್ರತಿಜೈವಿಕವನ್ನು ಸುರಿದರೆ, ನಮಗೆ ನೆರವಾಗಬೇಕಾದ ಸೂಕ್ಷ್ಮಜೀವಿಗಳೂ ನಾಶವಾಗಬಹುದು.

ಹಾಗಾದರೆ ನಿಜವಾದ ರೋಗಗಳಿಗೆ ಔಷಧ ಬೇಡವೆ? ಬೇಕು, ಆದರೆ ಗುರುತಿಸಿದ ಮೇಲೆ. ಉಪ್ಪಿನ ಹರಳು ಚೆಲ್ಲಿದಂತೆ ಮೈಮೇಲೆಲ್ಲ, ಬಾಲದ ಮೇಲೂ ಅಡ್ಡಾದಿಡ್ಡಿಯಾಗಿ ಚುಕ್ಕೆಗಳಿದ್ದು, ಮೀನು ಕಲ್ಲುಗಳಿಗೆ ಮೈಯುಜ್ಜುತ್ತಿದ್ದರೆ ಅದು ಬಿಳಿಚುಕ್ಕೆ ರೋಗ. ಇಕ್ತಿಯೊಫ್ತಿರಿಯಸ್ ಎಂಬ ಏಕಕೋಶಜೀವಿ ಇದರ ಕಾರಣ. ಚರ್ಮದೊಳಗೆ ಅಡಗಿರುವಾಗ ಅದನ್ನು ಯಾವ ನೀರಿನ ಔಷಧವೂ ಸುಲಭವಾಗಿ ತಾಕದು. ಬಲಿತ ಜೀವಿ ಕೆಳಗೆ ಬಿದ್ದು, ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆದು ನೀರಿನಲ್ಲಿ ಈಜುವಾಗ ಮಾತ್ರ ಅದು ನಮ್ಮ ಕೈಗೆ ಸಿಕ್ಕುತ್ತದೆ. 25 ಡಿಗ್ರಿ ಸೆಂಟಿಗ್ರೇಡಿನ ಸುಮಾರಿನಲ್ಲಿ ಈ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ. ತಣ್ಣೀರಿನಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಆದಕಾರಣ ಲೀಟರಿಗೆ 2–3 ಗ್ರಾಂ ಉಪ್ಪನ್ನು ಕರಗಿಸಿ, ಕಂತುಕಂತಾಗಿ ಸೇರಿಸಿ, ಚುಕ್ಕೆ ಮಾಯವಾದ ಬಳಿಕವೂ ಕೆಲವು ದಿನ ಮುಂದುವರಿಸಬೇಕು. ಚುಕ್ಕೆ ಹೋಯಿತೆಂದು ನಡುವೆ ಬಿಟ್ಟವನಿಗೆ ರೋಗ ಮರಳಿ ಬರುವುದು ಈ ಜೀವಚಕ್ರವನ್ನು ಅರಿಯದುದರ ಫಲ.

ಹತ್ತಿಯಂತಹ ಬೂಷ್ಟು ಕಂಡರೆ ಅದು ಸಾಪ್ರೊಲೆಗ್ನಿಯ ಎಂಬ ನೀರಬೂಷ್ಟು ಆಗಿರಬಹುದು, ಅಥವಾ ಬೂಷ್ಟಿನಂತೆಯೇ ತೋರುವ ಒಂದು ಬ್ಯಾಕ್ಟೀರಿಯ ಆಗಿರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. ಬಾಲದ ಅಂಚು ಹರಿದು ಕೊಳೆಯುವುದು ಹೆಚ್ಚಾಗಿ ಕೆಟ್ಟ ನೀರಿನಲ್ಲಿ ಸೋತ ಮೀನಿಗೆ ಹತ್ತುವ ಬ್ಯಾಕ್ಟೀರಿಯಗಳಿಂದ. ಆರಂಭದಲ್ಲಿ ಶುದ್ಧ ನೀರೇ ಅನೇಕ ವೇಳೆ ಸಾಕಾಗುತ್ತದೆ. ಮೈ ಉಬ್ಬಿ ಹುರುಪೆಗಳು ಹಲಸಿನ ಸಿಪ್ಪೆಯಂತೆ ನಿಗುರಿದರೆ ಅದು ಜಲೋದರ. ಅದೊಂದು ಚಿಹ್ನೆಯೇ ಹೊರತು ಒಂದೇ ರೋಗವಲ್ಲ, ಆ ಹೊತ್ತಿಗೆ ಮೂತ್ರಪಿಂಡಗಳು ಕೆಟ್ಟಿರುವುದುಂಟು. ದುಂಡುಮೈಯ ತಳಿಗಳು ಓರೆಯಾಗಿ ತೇಲುವುದಕ್ಕೆ ನಾವು ಅಂದಕ್ಕಾಗಿ ಕುಗ್ಗಿಸಿದ ಒಡಲಿನೊಳಗಣ ಗಾಳಿಚೀಲವೂ ಕಾರಣವಾಗಬಲ್ಲುದು. 1992ರಲ್ಲಿ ಜಪಾನಿನಲ್ಲಿ ಮೊದಲು ವರದಿಯಾದ ಹರ್ಪಿಸ್ ವೈರಸ್ಸಿನ ಬೇನೆಗೆ ಮದ್ದೇ ಇಲ್ಲ. ಇಷ್ಟು ಬಗೆಯ ಬೇನೆಗಳಿಗೆ ಒಂದೇ ಹಳದಿ ಪುಡಿ ಹೇಗೆ ಸಂಜೀವಿನಿಯಾದೀತು?

“ಅಗ್ಗದ ಮೀನು, ಸತ್ತರೆ ಇನ್ನೊಂದು ತಂದರಾಯಿತು. ಇದಕ್ಕೆ ಇಷ್ಟು ವಿಚಾರವೇಕೆ?” ಎಂದು ಕೆಲವರು ಕೇಳಬಹುದು. ಇಟಲಿಯ ಮೊಂಜಾ ನಗರ 2004ರಲ್ಲಿಯೂ ರೋಮ್ ನಗರ 2005ರಲ್ಲಿಯೂ ದುಂಡು ಬೋಗುಣಿಗಳಲ್ಲಿ ಮೀನು ಇಡುವುದನ್ನು ನಿಷೇಧಿಸಿದುವು. ನಮಗೆ ಕಾನೂನು ಬೇಕೆಂದು ನಾನು ಹೇಳುತ್ತಿಲ್ಲ. ಬೆಲೆ ಕಡಿಮೆಯೆಂಬುದರಿಂದ ಪ್ರಾಣಿಯ ನೋವು ಕಡಿಮೆಯಾಗುವುದಿಲ್ಲವೆಂಬುದು ಒಂದು ಮಾತು. ಎರಡನೆಯದು ನಮ್ಮ ಕ್ಷೇಮಕ್ಕೇ ಸಂಬಂಧಿಸಿದ್ದು. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್, 1945ರ ತಮ್ಮ ನೊಬೆಲ್ ಭಾಷಣದಲ್ಲಿಯೇ, ಅರೆಬರೆ ಪ್ರಮಾಣದಲ್ಲಿ ಬಳಸಿದರೆ ಸೂಕ್ಷ್ಮಜೀವಿಗಳು ಔಷಧಕ್ಕೆ ಬಗ್ಗದಂತಾಗುವುವೆಂದು ಎಚ್ಚರಿಸಿದ್ದರು. ತೊಟ್ಟಿಗೆ ಅಂದಾಜಿನಿಂದ ಹಾಕಿ, ಬಳಿಕ ಚರಂಡಿಗೆ ಚೆಲ್ಲುವ ಪ್ರತಿಜೈವಿಕ ಆ ಎಚ್ಚರಿಕೆಯನ್ನು ಮರೆತುದರ ಗುರುತು. ಕಾರಣವರಿಯದೆ ಮೀನಿಗೆ ಮದ್ದು ಸುರಿಯುವ ಕೈ, ನೆಗಡಿಗೂ ತಾನೇ ಗುಳಿಗೆ ನುಂಗುವ ಕೈಯೇ ಅಲ್ಲವೆ?

ಆದುದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮೀನು ಸೊರಗಿದಾಗ ಮೊದಲು ನೀರನ್ನು ಪರೀಕ್ಷಿಸಿರಿ. ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ನೀರು ಬದಲಾಯಿಸಿ, ಒಂದೆರಡು ದಿನ ಆಹಾರ ನಿಲ್ಲಿಸಿರಿ. ನಲ್ಲಿಯ ನೀರಿನ ಕ್ಲೋರಿನ್ನನ್ನು ಕಳೆಯಲು ನಿಮ್ಮ ಪ್ರಯೋಗಶಾಲೆಯ ಪರಿಚಿತ ‘ಹೈಪೊ’, ಎಂದರೆ ಸೋಡಿಯಂ ಥಯೊಸಲ್ಫೇಟ್, ಎಳ್ಳಷ್ಟು ಸಾಕು. ಹೊಸ ಮೀನನ್ನು ಎರಡು ಮೂರು ವಾರ ಬೇರೆಯಾಗಿಡಿರಿ. ಆ ಬಳಿಕವೂ ಚಿಹ್ನೆಗಳು ಉಳಿದರೆ ಅವನ್ನು ಬರೆದಿಟ್ಟು, ಬಲ್ಲ ಪಶುವೈದ್ಯರನ್ನೋ ಮೀನುಗಾರಿಕೆಯ ತಜ್ಞರನ್ನೋ ಕೇಳಿರಿ.

ಆ ಹುಡುಗ ಈಗ ಬೋಗುಣಿಯನ್ನು ಬಿಟ್ಟು ದೊಡ್ಡ ತೊಟ್ಟಿಯಲ್ಲಿ ಮೀನುಗಳನ್ನಿಟ್ಟಿದ್ದಾನೆ. ವಾರಕ್ಕೊಮ್ಮೆ ಅಮೋನಿಯದ ಬಣ್ಣವನ್ನು ನೋಡಿ ದಿನಚರಿಯಲ್ಲಿ ಬರೆಯುತ್ತಾನೆ. ಅವನ ಪ್ರಶ್ನೆಗೆ ಉತ್ತರವನ್ನು ಅವನೇ ಕಂಡುಕೊಂಡಿದ್ದಾನೆ.