ನಕ್ಷೆಯೂ ಒಂದು ಸ್ವತ್ತು

ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಅನೇಕ ಮನೆಗಳಿಗೆ ಜೀವನಾಧಾರ. ಹೊಲಿದವರಿಗೆ ಕೂಲಿ ಸಲ್ಲುತ್ತದೆ. ಹೊಲಿಯಬೇಕಾದ ಚಿತ್ರವನ್ನು ಸ್ವತಃ ರಚಿಸಿದವರಿಗೆ ಕೂಲಿಯ ಜೊತೆಗೆ ಕಾನೂನು ಇನ್ನೊಂದನ್ನು ಕೊಟ್ಟಿದೆ; ಅದು ಹಕ್ಕು. ಕಸೂತಿ ಬಲ್ಲ ತಾಯಂದಿರೂ ಮಕ್ಕಳೂ ಇದನ್ನು ಅರಿತಿರುವುದು ಒಳಿತು.

ಧಾರವಾಡದ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಗಳಿವೆ. ಗುಣಾಕಾರ ಚಿಹ್ನೆಯಂತಿರುವ ಮೆಂತೆಯೇ ಇಂದಿನ ಕ್ರಾಸ್ ಸ್ಟಿಚ್. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಚೌಕುಳಿ ಕಾಗದದ ಮೇಲಿನ ಚಿತ್ರವೇ ಅದರ ನಕ್ಷೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಮೊದಲಾದ ಪರಂಪರೆಯ ಚಿತ್ತಾರಗಳು ಎಲ್ಲರಿಗೂ ಸೇರಿದವು. ಮಡಕಶಿರದ ವಿದ್ಯಾರ್ಥಿನಿಯೊಬ್ಬಳು ಹಿಂದೂಪುರದ ಬಳಿಯ ಲೇಪಾಕ್ಷಿಗೆ ಹೋಗಿ, ಲತಾಮಂಟಪದ ಕಂಬದ ಚಿತ್ತಾರವನ್ನು ನೋಡಿ ಚೌಕಗಳಿಗೆ ಇಳಿಸಿದಳೆನ್ನೋಣ. ಕಂಬದ ಚಿತ್ತಾರ ಎಲ್ಲರದು. ಆಕೆ ಆರಿಸಿದ ಬಣ್ಣ, ಮಾಡಿದ ಮಾರ್ಪಾಡು, ಜೋಡಣೆ ಆಕೆಯವು.

ಮಾರಾಟದ ನಕ್ಷೆಯಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಚಿಹ್ನೆ, ಹತ್ತು ಚೌಕಕ್ಕೊಂದು ದಪ್ಪ ಗೆರೆ, ನಡುಭಾಗದ ಗುರುತು, ದಾರಗಳ ಪಟ್ಟಿ, ಹೊಲಿದು ಮುಗಿಸಿದ ಮಾದರಿಯ ಛಾಯಾಚಿತ್ರ ಇರಬೇಕು. ಅಳತೆಯನ್ನೂ ಹೇಳಬೇಕು. ಅಂಗುಲಕ್ಕೆ 14 ಹೊಲಿಗೆ ಹಿಡಿಯುವ ಬಟ್ಟೆಯಲ್ಲಿ 84 ಚೌಕಗಳ ಅಗಲ 6 ಅಂಗುಲ. 12 ಹಿಡಿಯುವ ಬಟ್ಟೆಯಲ್ಲಿ 7 ಅಂಗುಲ. ಮಾರುವ ಮೊದಲು ಬೇರೊಬ್ಬರಿಂದ ಒಮ್ಮೆ ಹೊಲಿಸಿ ನೋಡಿದರೆ ತಪ್ಪುಗಳು ಹೊರಬೀಳುತ್ತವೆ.

ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಸ್ವಂತ ಚಿತ್ರದ ಹಕ್ಕು ರಚಿಸಿದ ಕ್ಷಣದಿಂದಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ರಚಿಸಿದವರ ಜೀವಿತಕಾಲ ಮತ್ತು ಅನಂತರದ 60 ವರ್ಷ ಅದು ಉಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. 2000ದ ವಿನ್ಯಾಸ ಅಧಿನಿಯಮದಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಮಾಲೀಕರಾಗಲಿ ಅವರ ಅನುಮತಿ ಪಡೆದವರಾಗಲಿ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ವಸ್ತುಗಳ ಮೇಲೆ ಅಚ್ಚೊತ್ತಿಸಿದರೆ ಅದರ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಕಾರ್ಖಾನೆಗೆ ಕೊಡುವ ಉದ್ದೇಶವಿದ್ದರೆ, ವಿನ್ಯಾಸವನ್ನು ಎಲ್ಲಿಯೂ ಪ್ರಕಟಿಸುವ ಮೊದಲೇ ನೋಂದಣಿಗೆ ಅರ್ಜಿ ಸಲ್ಲಿಸಬೇಕು.

ನಕ್ಷೆಯ ಒಂದು ಪ್ರತಿಯನ್ನು ಮಾರುವುದು ಬೇರೆ, ಹಕ್ಕನ್ನೇ ಬರೆದುಕೊಡುವುದು ಬೇರೆ. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಭಾವಿಸುತ್ತದೆ. 18 ತುಂಬದವರ ಕರಾರು ನ್ಯಾಯಾಲಯದಲ್ಲಿ ನಿಲ್ಲದು. ಮಕ್ಕಳ ಪರವಾಗಿ ಪೋಷಕರು ಸಲಹೆ ಪಡೆದು ವ್ಯವಹರಿಸಬೇಕು.

ಪ್ರತಿ ನಕ್ಷೆಯ ಮೂಲೆಯಲ್ಲಿ ರಚಿಸಿದವರ ಹೆಸರು, ದಿನಾಂಕ ಬರೆಯಿರಿ. ಕರಡು ಹಾಳೆಗಳನ್ನು ಕಾಯ್ದಿಡಿ. ವಿವಾದ ಬಂದಾಗ ಅವೇ ಸಾಕ್ಷ್ಯ. ಗಡಿನಾಡಿನ ನಮಗೆ ಬರುವ ಕರಾರು ಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಅದರ ಪ್ರತಿಯೊಂದು ಷರತ್ತನ್ನೂ ಕನ್ನಡದಲ್ಲಿ ಕೇಳಿ ತಿಳಿದ ಮೇಲೆಯೇ ಸಹಿ ಹಾಕಿರಿ.